ಫೈಬರ್ ಟ್ಯೂಬ್ ಸೀಳೋ ಟೂಲ್: ಎಂಟು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಇದು ಬಾಕ್ಸ್ ಬಿಚ್ಚಿದ ದಿನವೇ ಬರೆದ ರಿವ್ಯೂ ಅಲ್ಲ. ಆಪ್ಟಿಕಲ್ ಫೈಬರ್ ಕೇಬಲ್ ಒಳಗೆ ಫೈಬರ್ ತುಂಬಿದ ಪ್ಲಾಸ್ಟಿಕ್ ಟ್ಯೂಬ್ ಇರುತ್ತಲ್ಲ, ಅದನ್ನ ಉದ್ದಕ್ಕೆ ಸೀಳೋ ಈ ಟೂಲ್ ಎಂಟು ತಿಂಗಳಿಂದ ನನ್ನ ಬ್ಯಾಗಲ್ಲಿದೆ, ಮಳೆಲಿ ನೆಂದಿದೆ, ಟ್ಯೂಬ್ ಒಳಗಿನ ಜೆಲ್ಲಿಲಿ ಮುಳುಗೆದ್ದಿದೆ, ಒಂದ್ಸಲ ಏಣಿ ಮೇಲಿಂದ ಬಿದ್ದೂ ಇದೆ, ಇನ್ನೂ ಕೆಲಸ ಮಾಡ್ತಿದೆ. ಆದ್ರೆ ಮೊದಲ ವಾರದಲ್ಲೇ ಇದರ ಮೇಲೆ ಸಿಟ್ಟು ಬಂದು ಬ್ಯಾಗಿನ ತಳಕ್ಕೆ ತುರುಕಿಟ್ಟಿದ್ದೂ ನಿಜ, ತಪ್ಪು ನಂದೇ ಅಂತ ಆಮೇಲೆ ಗೊತ್ತಾಯ್ತು, ಅದನ್ನೂ ಬರೀತೀನಿ. ಕಂಪನಿ ಹೆಸರು ಹಾಕ್ತಿಲ್ಲ, ಇದೇ ಡಿಸೈನಲ್ಲಿ ಬೇರೆ ಬೇರೆಯವರು ಮಾಡ್ತಾರೆ, ನಾನು ಹೇಳೋದರಲ್ಲಿ ಮುಕ್ಕಾಲು ಪಾಲು ಎಲ್ಲದಕ್ಕೂ ಹೊಂದುತ್ತೆ.

ಇದು ಯಾರಿಗೆ ಬೇಕು ಅನ್ನೋದು ಮೊದಲು. ಕೇಬಲ್ ತುದಿಲಿ ಮಾತ್ರ ಜಾಯಿಂಟ್ ಹಾಕೋರಿಗೆ ಇದು ಬೇಡವೇ ಬೇಡ. ತುದಿಲಿ ಲೂಸ್ ಟ್ಯೂಬ್ (ಫೈಬರ್ ಸಡಿಲವಾಗಿ ಕೂತಿರೋ ಟ್ಯೂಬ್) ಮೇಲೆ ಸುತ್ತ ಒಂದು ಗೀರು ಹಾಕಿ, ಪಟ್ ಅಂತ ಮುರಿದು, ಎಳೆದ್ರೆ ಟ್ಯೂಬ್ ಕೊಳವೆ ಹಾಗೆ ಜಾರಿಕೊಂಡು ಬರುತ್ತೆ, ಫೈಬರ್ ಒಳಗಿಂದ ಬಿಡಿಬಿಡಿಯಾಗಿ ಸಿಗುತ್ತೆ. ತೊಂದರೆ ಬರೋದು ಕೇಬಲ್ ಮಧ್ಯೆ. 96 ಕೋರ್, ಅಂದ್ರೆ 96 ಫೈಬರ್ ಇರೋ ಕೇಬಲ್ ಹೋಗ್ತಾ ಇದೆ, ಅದರಲ್ಲಿ ನಾಲ್ಕೇ ನಾಲ್ಕು ಕೋರ್ ಈ ಜಾಗದಲ್ಲಿ ಹೊರಗೆ ತೆಗೀಬೇಕು, ಉಳಿದಿದ್ದೆಲ್ಲ ಹಾಗೇ ಮುಂದೆ ಹೋಗ್ಬೇಕು, ಅದರಲ್ಲಿ ಅರ್ಧಕ್ಕರ್ಧ ಲೈವ್, ಅಂದ್ರೆ ಸಿಗ್ನಲ್ ಓಡ್ತಾ ಇದೆ, ಕಟ್ ಮಾಡೋ ಹಾಗಿಲ್ಲ. ಟ್ಯೂಬಿನ ಎರಡೂ ತುದಿ ಕಿಲೋಮೀಟರ್ ಆಚೆ ಇರುವಾಗ ಜಾರಿಸಿ ತೆಗೆಯೋದು ಎಲ್ಲಿಂದ? ಸೀಳಲೇಬೇಕು. ಉದ್ದಕ್ಕೆ ಸೀಳಬೇಕು, ಒಳಗಿರೋ 12 ಫೈಬರಿಗೆ ಏನೂ ಆಗಬಾರದು. ನಮ್ಮ ಕಡೆಯ ಭಾಷೇಲಿ ಮಿಡ್ ಸ್ಪ್ಯಾನ್ ಅಂತೀವಲ್ಲ, ಅದೇ.

ಅಳತೆ ನೆನಪಿಟ್ಟುಕೊಂಡ್ರೆ ಭಯ ಯಾಕೆ ಅಂತ ಅರ್ಥ ಆಗುತ್ತೆ. ಟ್ಯೂಬ್ ಸಾಮಾನ್ಯವಾಗಿ 2 ರಿಂದ 3 ಎಂಎಂ ದಪ್ಪ, ಅದರ ಗೋಡೆ ಒಂದು ಮಿಲಿಮೀಟರಿನ ಅರ್ಧವೂ ಇರೋದು ಅಪರೂಪ. ಒಳಗಿರೋ ಫೈಬರ್ ಬಣ್ಣದ ಕೋಟಿಂಗ್ ಸೇರಿ 250 ಮೈಕ್ರಾನ್, ಅಂದ್ರೆ ಕಾಲು ಮಿಲಿಮೀಟರ್, ಅದರೊಳಗಿನ ಗಾಜು 125 ಮೈಕ್ರಾನ್ ಅಷ್ಟೇ. ಫೈಬರ್ ಟ್ಯೂಬಿನ ನಡುಮಧ್ಯೆ ಶಿಸ್ತಾಗಿ ನಿಂತಿರಲ್ಲ, ಟ್ಯೂಬಿಗಿಂತ ಒಂಚೂರು ಜಾಸ್ತಿ ಉದ್ದ ಇಟ್ಟೇ ತುಂಬಿರ್ತಾರೆ, ಹಾಗಾಗಿ ಜೆಲ್ಲಿ ಒಳಗೆ ಅಲೆ ಅಲೆಯಾಗಿ ಓಡಾಡ್ತಾ ಇರುತ್ತೆ, ಒಂದೊಂದು ಕಡೆ ಗೋಡೆಗೇ ಒರಗಿಕೊಂಡಿರುತ್ತೆ. ಬ್ಲೇಡ್ ಎಲ್ಲಿ ಇಳಿಸ್ತೀರೋ ಅಲ್ಲೇ ಒರಗಿದ್ರೆ ಮುಗೀತು ಕತೆ.

ಇಷ್ಟು ವರ್ಷ ನಾನು ಎಲ್ಲರ ಹಾಗೆ ಸ್ನ್ಯಾಪ್ ಬ್ಲೇಡ್ ಚಾಕುಲೇ ಮಾಡ್ತಿದ್ದೆ. ಟ್ಯೂಬನ್ನ ಬೆರಳ ಮೇಲೆ ಮಲಗಿಸಿ, ಬ್ಲೇಡನ್ನ ಹೆಚ್ಚುಕಡಿಮೆ ಅಡ್ಡ ಮಲಗಿಸಿ, ಪೆನ್ಸಿಲ್ ಹೆರೆದ ಹಾಗೆ ಒಂದು ಸಿಪ್ಪೆ ತೆಗೆಯೋದು, ಆ ಕಿಂಡಿಯಿಂದ ಫೈಬರ್ ಎತ್ತಿಕೊಳ್ಳೋದು. ನಮಗೆ ಕೆಲಸ ಕಲಿಸಿದ ಸೀನಿಯರ್ ಒಬ್ಬರು ಇದ್ರು, ಅವರು ಮಾತಾಡ್ತಾ ಮಾತಾಡ್ತಾನೇ ಒಂದೂವರೆ ಮೀಟರ್ ಟ್ಯೂಬ್ ಹೀಗೆ ಹೆರೆದು ಇಡೋರು, ಒಂದು ಫೈಬರಿಗೂ ಗೀರು ಬೀಳ್ತಿರಲಿಲ್ಲ. ಅದು ಅವರ ಕೈ. ನನ್ನ ಕೈ ಅಂಥದ್ದಲ್ಲ ಅಂತ ಗೊತ್ತಾಗೋಕೆ ಒಂದು ರಾತ್ರಿ ಸಾಕಾಯ್ತು.

ಆ ರಾತ್ರಿ ಎಲ್ಲಾ ಸರಿಯಾಗೇ ಆಗಿತ್ತು, ಟ್ಯೂಬ್ ಬಿಚ್ಚಿದೆ, ಬೇಕಾದ ಕೋರ್ ತೆಗೆದು ಜಾಯಿಂಟ್ ಹಾಕಿದೆ, ಉಳಿದಿದ್ದನ್ನ ಜಾಯಿಂಟ್ ಬಾಕ್ಸಿನ ಟ್ರೇಲಿ ಸುತ್ತಿಟ್ಟೆ, ಯಾವ ಅಲಾರಂ ಇಲ್ಲ, ಮನೆಗೆ ಹೋಗಿ ಮಲಗಿದೆ. ಸುಮಾರು ಮೂರು ವಾರ ಆದ್ಮೇಲೆ ಅದೇ ಟ್ಯೂಬಿನ ಕಿತ್ತಳೆ ಬಣ್ಣದ ಫೈಬರ್ ಡೌನ್. ಓಟಿಡಿಆರ್ (ಫೈಬರ್ ಒಳಗೆ ಬೆಳಕು ಬಿಟ್ಟು ದೋಷ ಎಷ್ಟು ದೂರದಲ್ಲಿದೆ ಅಂತ ತೋರಿಸೋ ಮೀಟರ್) ಹಾಕಿದ್ರೆ ಕಟ್ ತೋರಿಸ್ತಿರೋದು ನಾನು ಕೂತಿದ್ದ ಜಾಗದಲ್ಲೇ. ಬಾಕ್ಸ್ ತೆರೆದು ನೋಡಿದ್ರೆ ಯಾರೂ ಮುಟ್ಟಿಲ್ಲ, ಟ್ರೇ ತಿರುವಲ್ಲಿ ಫೈಬರ್ ತಾನಾಗೇ ಮುರಿದಿದೆ. ಗೀರು ಬಿದ್ದ ಗಾಜು ಆಗಲೇ ಮುರಿಯುತ್ತೆ ಅಂತೇನಿಲ್ಲ, ಬಾಗಿಸಿ ಇಟ್ಟ ಕಡೆ ಎಳೆತ ಇರುತ್ತಲ್ಲ, ಅದಕ್ಕೆ ತೇವ ಸೇರಿ ಒಳಗಿನ ಸೀಳು ನಿಧಾನಕ್ಕೆ ಬೆಳೀತಾ ಹೋಗಿ ಒಂದಿನ ಕೈ ಕೊಡುತ್ತೆ. ಹೇಳಿಸಿಕೊಂಡ ಮಾತು ಇಲ್ಲಿ ಬೇಡ. ಮಾರನೇ ವಾರ ಟೂಲ್ ಆರ್ಡರ್ ಮಾಡಿದೆ.

ಈಗ ಟೂಲ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಎರಡು ಪಟ್ಟಿ, ಒಂದು ಬದೀಲಿ ಹಿಂಜು, ಪುಸ್ತಕದ ಹಾಗೆ ತೆರೆಯುತ್ತೆ. ಒಳಗಡೆ ಐದು ಕಾಲುವೆ, ಒಂದೊಂದೂ ಒಂದೊಂದು ಅಳತೆ, ಪಕ್ಕದಲ್ಲಿ ನಂಬರ್ ಕೊರೆದಿದ್ದಾರೆ. ಪ್ರತಿ ಕಾಲುವೇಲೂ ಮೇಲೊಂದು ಕೆಳಗೊಂದು ಬ್ಲೇಡ್, ಇಣುಕಿ ನೋಡಿದ್ರೆ ಮಾತ್ರ ಕಾಣುವಷ್ಟು ಚಿಕ್ಕದು, ಗೋಡೆಯ ದಪ್ಪದಷ್ಟು ಮಾತ್ರ ಹೊರಗೆ ಚಾಚಿರುತ್ತೆ. ಟ್ಯೂಬನ್ನ ಪಕ್ಕದಿಂದಲೇ ಕಾಲುವೆಗೆ ಇಟ್ಟು ಮುಚ್ಚಬಹುದು, ತುದಿ ಬೇಕಾಗಿಲ್ಲ, ಇಡೀ ಡಿಸೈನಿನ ಜೀವ ಇರೋದು ಇಲ್ಲೇ. ಮುಚ್ಚಿ, ಒತ್ತಿ ಹಿಡಿದು, ಎಲ್ಲಿಂದ ಎಲ್ಲಿಗೆ ಬೇಕೋ ಅಷ್ಟುದ್ದ ಎಳೆದು, ತೆರೆದು ತೆಗೆದುಬಿಡೋದು.

ಮೊದಲ ವಾರದ ಸಿಟ್ಟಿನ ಕತೆ ಇಲ್ಲಿ ಬರುತ್ತೆ. ಬಂದ ಟ್ಯೂಬನ್ನ ಕಣ್ಣಲ್ಲೇ ನೋಡಿ ಎರಡೂವರೆ ಎಂಎಂ ಇರ್ಬೇಕು ಅಂತ ಆ ಕಾಲುವೇಲಿ ಇಟ್ಟು ಎಳೆದೆ. ಮುಚ್ಚುವಾಗಲೇ ಸ್ವಲ್ಪ ಬಿಗಿ ಅನ್ನಿಸ್ತು, ಹೊಸದಲ್ವಾ ಅಂತ ಸುಮ್ಮನಾದೆ. ಅರ್ಧ ಮೀಟರ್ ಎಳೆಯೋಷ್ಟರಲ್ಲಿ ಬ್ಲೇಡ್ ಬಾಯಲ್ಲಿ ನೀಲಿ ಪುಡಿ. ಟ್ಯೂಬ್ ಬಿಳಿ, ಪುಡಿ ನೀಲಿ. ಎದೆ ಧಸಕ್ ಅಂತು. ಬಿಚ್ಚಿ ನೋಡಿದ್ರೆ ನೀಲಿ ಫೈಬರಿನ ಕೋಟಿಂಗ್ ಒಂದು ಕಡೆ ಸುಲಿದು ಹೋಗಿದೆ, ಪಕ್ಕದ ಹಸಿರಿಗೂ ತಾಗಿದೆ. ಪುಣ್ಯಕ್ಕೆ ಅದು ಇನ್ನೂ ಬೆಳಕು ಹಾಕದ ಸ್ಪೇರ್ ಟ್ಯೂಬ್, ಅಲ್ಲೇ ಕಟ್ ಮಾಡಿ ಜಾಯಿಂಟ್ ಹಾಕಿ ಬಚಾವಾದೆ. ಆಮೇಲೆ ಕ್ಯಾಲಿಪರ್ ಹಿಡಿದು ಅಳೆದ್ರೆ ಟ್ಯೂಬ್ 2.8. ಚಿಕ್ಕ ಕಾಲುವೇಲಿ ದಪ್ಪ ಟ್ಯೂಬ್ ಇಟ್ರೆ ಟ್ಯೂಬ್ ಅಮುಕಿ ಮೊಟ್ಟೆ ಆಕಾರ ಆಗುತ್ತೆ, ಗೋಡೆ ಬ್ಲೇಡ್ ಕಡೆ ಒತ್ತಿಕೊಳ್ಳುತ್ತೆ, ಬ್ಲೇಡ್ ಫೈಬರ್ ಇರೋ ಜಾಗಕ್ಕೇ ಇಳಿಯುತ್ತೆ. ದೊಡ್ಡ ಕಾಲುವೇಲಿ ಸಣ್ಣ ಟ್ಯೂಬ್ ಇಟ್ರೆ ಉಲ್ಟಾ ಕಾಟ, ಟ್ಯೂಬ್ ಒಳಗೆ ಅಲ್ಲಾಡುತ್ತೆ, ಒಂದು ಪಕ್ಕ ಪೂರ್ತಿ ಕೊಯ್ಯುತ್ತೆ ಇನ್ನೊಂದು ಪಕ್ಕ ಬರೀ ಗೆರೆ ಎಳೆಯುತ್ತೆ, ಇನ್ನೊಂದ್ಸಲ ಎಳೆಯೋಣ ಅಂತ ಆಸೆ ಆಗುತ್ತೆ. ಆ ಎರಡನೇ ಎಳೆತ ಮಾತ್ರ ಯಾವತ್ತೂ ಬೇಡ, ಈಗಾಗಲೇ ಸೀಳಿದ ಕಡೆಯಿಂದ ಫೈಬರ್ ಹೊರಗೆ ಇಣುಕಿರುತ್ತೆ, ಬ್ಲೇಡ್ ಅದರ ಮೇಲೇ ಹೋಗುತ್ತೆ.

ಅದಕ್ಕೇ ನಂದು ಈಗ ಒಂದೇ ಹಠ. ಲೈವ್ ಟ್ಯೂಬಿಗೆ ಟೂಲ್ ತಾಗಿಸೋಕೆ ಮುಂಚೆ ಅದೇ ಕೇಬಲಿನ ಒಂದು ಬಿಡಿ ತುಂಡಿನ ಮೇಲೆ ಎಳೆದು ನೋಡ್ಬೇಕು. ಡ್ರಮ್ಮಲ್ಲಿ ಉಳಿದ ತುಂಡಾಗ್ಲಿ, ಹಿಂದಿನ ಜಾಯಿಂಟಲ್ಲಿ ಕತ್ತರಿಸಿ ಹಾಕಿದ್ದಾಗ್ಲಿ, ಒಂದಡಿ ಸಿಕ್ರೆ ಸಾಕು. ಕೈಗೆ ಏನೂ ಸಿಗದಿದ್ರೆ ಕ್ಯಾಲಿಪರ್, ಅದೂ ಇಲ್ಲದಿದ್ರೆ ದೊಡ್ಡ ಕಾಲುವೆಯಿಂದ ಶುರು ಮಾಡಿ ಒಂದೊಂದೇ ಚಿಕ್ಕದಕ್ಕೆ ಬರೋದು, ಎಳೆಯದೆ ಬರೀ ಇಟ್ಟು ಮುಚ್ಚಿ ನೋಡೋದು, ಟ್ಯೂಬ್ ಅಲ್ಲಾಡದೆ, ಅಮುಕದೆ ಕೂತ ಮೊದಲ ಕಾಲುವೆ ಯಾವುದೋ ಅದು ನಿಮ್ಮದು. ಟೂಲ್ ಜೊತೆ ಬಂದ ಚೀಟೀಲಿ ಇದರ ಬಗ್ಗೆ ಒಂದೇ ಸಾಲು ಇತ್ತು, ಸರಿಯಾದ ಅಳತೆ ಆರಿಸಿಕೊಳ್ಳಿ ಅಂತ. ಹೇಗೆ ಆರಿಸಿಕೊಳ್ಳೋದು ಅಂತ ಬರೆಯೋಕೆ ಅವರಿಗೆ ಕಾಗದ ಸಾಲದೇ ಹೋಯ್ತೋ ಏನೋ.

ಸರಿಯಾದ ಕಾಲುವೆ ಸಿಕ್ಕಿದ ದಿನ ಮಾತ್ರ ಖುಷಿಯೋ ಖುಷಿ. ಎಳೆಯುವಾಗ ಕೈಗೆ ಒಂದೇ ಸಮ ಭಾರ, ಸರ್ ಅಂತ ಸಣ್ಣ ಸದ್ದು, ತಡೆ ಇಲ್ಲ, ಜಿಗಿತ ಇಲ್ಲ. ಟೂಲ್ ತೆರೆದ್ರೆ ಮೇಲ್ನೋಟಕ್ಕೆ ಟ್ಯೂಬಿಗೆ ಏನೂ ಆಗಿಲ್ಲ ಅನ್ನಿಸುತ್ತೆ, ಎರಡು ಕೂದಲೆಳೆಯಂಥ ಗೆರೆ ಅಷ್ಟೇ. ಟ್ಯೂಬನ್ನ ಮೆಲ್ಲಗೆ ಬಾಗಿಸಿ ಬೆರಳಲ್ಲಿ ಸ್ವಲ್ಪ ಉಜ್ಜಿದ್ರೆ ಗೆರೆ ಬಾಯಿ ಬಿಡುತ್ತೆ, ಬಿದಿರು ಸೀಳಿದ ಹಾಗೆ ಎರಡು ಹೋಳು ಆ ಕಡೆ ಈ ಕಡೆ ಬಿಚ್ಚಿಕೊಳ್ತಾ ಹೋಗುತ್ತೆ, ನಡುವೆ ಜೆಲ್ಲಿ ಮೆತ್ತಿದ ಹನ್ನೆರಡು ಬಣ್ಣದ ಎಳೆ. ಹೋಳುಗಳನ್ನ ಫೈಬರಿಂದ ದೂರ ಬಾಗಿಸಿ ಹಿಡಿದು ಒಂದೊಂದನ್ನೇ ಸಣ್ಣ ಕಟರಲ್ಲಿ ತುಂಡರಿಸ್ಬೇಕು, ಎರಡನ್ನೂ ಒಟ್ಟಿಗೆ ಹಿಡಿದು ಕಚಕ್ ಅನ್ನಿಸಿದ್ರೆ ನಡುವೆ ಒಂದು ಎಳೆ ಸಿಕ್ಕಿಹಾಕಿಕೊಂಡಿದ್ದು ಕಾಣಲ್ಲ. ನಮ್ಮ ಹೆಲ್ಪರ್ ಹುಡುಗ ಒಂದ್ಸಲ ಹಾಗೆ ಮಾಡೋಕೆ ಹೋದ, ಕೈ ಹಿಡಿದು ನಿಲ್ಲಿಸಿದೆ. "ಅಣ್ಣಾ, ಎಲ್ಲಾ ಆ ಕಡೆ ತಳ್ಳಿದೀನಿ" ಅಂದ. ಎಣಿಸು ಅಂದೆ. ಎಣಿಸಿದ, ಹನ್ನೊಂದು. ಹನ್ನೆರಡನೇದು, ಆ ತಿಳಿ ನೀಲಿ, ಜೆಲ್ಲಿ ಜೊತೆ ಹೋಳಿಗೆ ಅಂಟಿಕೊಂಡು ಕೂತಿತ್ತು. ಆವತ್ತಿಂದ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿ ನೀಲಿ ಅಂತ ಮಗ್ಗಿ ಹೇಳಿದ ಹಾಗೆ ಜೋರಾಗಿ ಹೇಳಿ ಎಣಿಸಿಯೇ ಕಟರ್ ತೆಗೀತಾನೆ, ಪಕ್ಕದಲ್ಲಿರೋರು ನಗ್ತಾರೆ, ನಗಲಿ.

ಟೂಲ್ ಹಿಡಿಯೋಕೆ ಮುಂಚಿನ ಕೆಲಸ ಸರಿಯಾಗದಿದ್ರೆ ಟೂಲ್ ಎಷ್ಟು ಚೆನ್ನಾಗಿದ್ರೂ ದಂಡ. ಹೊರಗಿನ ಜಾಕೆಟ್ ತೆಗೆಯೋಕೆ ಇದನ್ನ ಬಳಸೋಕಾಗಲ್ಲ, ಅದಕ್ಕೆ ಬೇರೆ ಸ್ಲಿಟರ್ ಬೇಕು, ಜಾಕೆಟ್ ಒಳಗೆ ರಿಪ್ ಕಾರ್ಡ್ ಅನ್ನೋ ಸೀಳೋ ದಾರ ಇದ್ರೆ ಅದನ್ನ ಎಳೆದು ಸೀಳಿ. ಟ್ಯೂಬ್‌ಗಳು ನಡುವಿನ ರಾಡ್ ಸುತ್ತ ಹೆಣೆದುಕೊಂಡಿರ್ತವೆ, ಸ್ವಲ್ಪ ದೂರ ಒಂದು ದಿಕ್ಕಿಗೆ ಸುತ್ತಿ ಆಮೇಲೆ ತಿರುಗಿ ಉಲ್ಟಾ ದಿಕ್ಕಿಗೆ ಸುತ್ತಿರುತ್ತೆ, ಎಸ್‌ಝಡ್ ಅಂತ ಕರೆಯೋದು ಇದಕ್ಕೇ. ಆ ತಿರುಗುವ ಜಾಗ ಹುಡುಕಿಕೊಂಡ್ರೆ ಟ್ಯೂಬ್ ಸಲೀಸಾಗಿ ಸಡಿಲ ಆಗುತ್ತೆ. ಸಡಿಲ ಆಗದ ಟ್ಯೂಬಿಗೆ ಟೂಲ್ ಹಾಕಿ ಎಳೆಯೋಕೆ ಹೋದ್ರೆ ಟ್ಯೂಬ್ ತಿರುಚಿಕೊಳ್ಳುತ್ತೆ, ಸೀಳಿದ ಗೆರೆಯೂ ಬಳ್ಳಿ ಹಾಗೆ ಸುತ್ತಿಕೊಂಡು ಹೋಗುತ್ತೆ, ಆಮೇಲೆ ಹೋಳು ಬಿಡಿಸೋಕೆ ಕಣ್ಣೀರು ಬರುತ್ತೆ. ನಾನು ಮಾಡೋದು ಹೀಗೆ: ಸೀಳಬೇಕಾದ ಉದ್ದದ ಎರಡೂ ಕಡೆ ಟೇಪ್ ಗುರುತು, ಒಂದು ಕಡೆ ಹುಡುಗ ಟ್ಯೂಬನ್ನ ಬಿಗಿಯಾಗಿ ಅಲ್ಲ ನೆಟ್ಟಗೆ ಹಿಡಿದಿರ್ತಾನೆ, ನಾನು ಗುರುತಿಂದ ಗುರುತಿಗೆ ಒಂದೇ ಉಸಿರಲ್ಲಿ, ಆದ್ರೆ ಆತುರ ಇಲ್ಲದೆ ಎಳೀತೀನಿ. ಮಧ್ಯೆ ನಿಲ್ಲಿಸಿದ್ರೆ ನಿಂತ ಕಡೆ ಬ್ಲೇಡ್ ಒಂಚೂರು ಇಳಿದ ಗುರುತು ಬೀಳುತ್ತೆ.

ಟ್ಯೂಬಿನ ಪ್ಲಾಸ್ಟಿಕ್ ಮೇಲೂ ಆಟ ಬದಲಾಗುತ್ತೆ. ಪಿಬಿಟಿ ಅನ್ನೋ ಪ್ಲಾಸ್ಟಿಕ್ಕಿನ ಟ್ಯೂಬ್ ಗಟ್ಟಿ, ಅದರಲ್ಲಿ ಈ ಟೂಲ್ ರಾಜ. ಪಾಲಿಪ್ರೊಪಿಲೀನ್ ಟ್ಯೂಬ್ ಮೆತ್ತಗೆ, ಬ್ಲೇಡ್ ಸ್ವಲ್ಪ ಮೊಂಡಾದ್ರೂ ಕೊಯ್ಯೋ ಬದಲು ಎಳೆದು ಹಿಗ್ಗಿಸುತ್ತೆ, ಬಿಸಿಲಲ್ಲಿ ಇನ್ನೂ ಕಷ್ಟ. ಚಳೀಲಿ ಪಿಬಿಟಿ ಸೆಟೆದುಕೊಂಡಿರುತ್ತೆ, ಸೀಳಿದ ಮೇಲೆ ಹೋಳು ಬಾಗಿಸುವಾಗ ಚಟ್ ಅಂತ ಸಿಡಿಯಬಹುದು, ಅಂಗೈಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿಕೊಂಡ್ರೆ ವಾಸಿ. ತೆಳು ಮೆತ್ತನೆ ಟ್ಯೂಬಿರೋ ಮೈಕ್ರೋ ಮಾಡ್ಯೂಲ್ ಕೇಬಲ್ ಇದ್ರೆ ಟೂಲೇ ಬೇಡ, ಆ ಟ್ಯೂಬ್ ಉಗುರಲ್ಲೇ ಹರಿಯುತ್ತೆ. ಫೈಬರಿಗೆ ಅಂಟಿಕೊಂಡೇ ಪ್ಲಾಸ್ಟಿಕ್ ಹೊದಿಕೆ ಇರೋ 900 ಮೈಕ್ರಾನ್ ಟೈಟ್ ಬಫರಿಗೂ ಇದು ಅಲ್ಲ, ಅದಕ್ಕೆ ಮಾಮೂಲಿ ಸ್ಟ್ರಿಪ್ಪರ್. ಇಡೀ ಕೇಬಲಿಗೆ ಒಂದೇ ದೊಡ್ಡ ಟ್ಯೂಬ್ ಬರುತ್ತಲ್ಲ, ಅದು ಈ ಕಾಲುವೆಗಳಲ್ಲಿ ಕೂರೋದೇ ಇಲ್ಲ.

ಬೈಬೇಕಾದ್ದು ಬ್ಲೇಡ್ ವಿಷಯ. ಬ್ಲೇಡ್ ಬದಲಿಸಬಹುದು ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಸರಿ, ಆದ್ರೆ ಅದನ್ನ ಹಿಡಿದಿರೋ ಸ್ಕ್ರೂ ಸಾಸಿವೆ ಕಾಳಷ್ಟು. ಜೆಲ್ಲಿ ಮೆತ್ತಿದ ಕೈಯಲ್ಲಿ ಅದನ್ನ ಬಿಚ್ಚೋದು ಅಂದ್ರೆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಒಂದು ಸ್ಕ್ರೂ ಹುಲ್ಲಲ್ಲಿ ಬಿತ್ತು, ಟಾರ್ಚ್ ಹಾಕಿ ಇಪ್ಪತ್ತು ನಿಮಿಷ ಹುಡುಕಿದ್ವಿ, ಸಿಗಲಿಲ್ಲ. ಆಮೇಲೆ ಗೊತ್ತಾಯ್ತು, ಬಿಡಿ ಸ್ಕ್ರೂ ಕೊಡಲ್ಲ, ಬ್ಲೇಡ್ ಸೆಟ್ ಜೊತೆಗೇ ತಗೋಬೇಕಂತೆ. ಇಂಥ ಕಡೆ ಒಂದೆರಡು ಜಾಸ್ತಿ ಸ್ಕ್ರೂ ಹಾಕಿ ಕಳಿಸೋಕೆ ಏನು ಕಷ್ಟ? ಈಗ ಬ್ಲೇಡ್ ಬದಲಿಸೋದು ಮನೇಲಿ ಮೇಜಿನ ಮೇಲೆ, ಬಿಳಿ ಬಟ್ಟೆ ಹಾಸಿಕೊಂಡು ಮಾತ್ರ. ಮೊಂಡಾಗಿದೆ ಅಂತ ತಿಳಿಯೋದು ಸುಲಭ, ಎಳೆಯುವಾಗ ಸರ್ ಅನ್ನೋ ಸದ್ದು ಹೋಗಿ ಕಿರ್ ಅನ್ನುತ್ತೆ, ಸೀಳಿನ ಅಂಚಲ್ಲಿ ನೂಲು ನೂಲಾಗಿ ಎದ್ದಿರುತ್ತೆ. ಅಲ್ಲಿಗೆ ನಿಲ್ಲಿಸಿ. ಮೊಂಡ ಬ್ಲೇಡಿಗೆ ಜೋರು ಹಾಕ್ಬೇಕಾಗುತ್ತೆ, ಜೋರು ಹಾಕಿದ ಕೈ ಯಾವಾಗ ಜಾರುತ್ತೆ ಹೇಳೋಕಾಗಲ್ಲ.

ಇನ್ನೊಂದು ಕೊರತೆ, ಕಾಲುವೆ ಪಕ್ಕದ ನಂಬರ್. ಕೊರೆದಿದ್ದಾರೆ ಸರಿ, ಬಣ್ಣ ತುಂಬಿಲ್ಲ. ಎರಡು ತಿಂಗಳಲ್ಲಿ ಜೆಲ್ಲಿ, ಧೂಳು ಸೇರಿ ಎಲ್ಲಾ ಒಂದೇ ಬಣ್ಣ ಆಯ್ತು, ರಾತ್ರಿ ಹೆಡ್ ಟಾರ್ಚಲ್ಲಿ 2.3 ಯಾವುದು 2.8 ಯಾವುದು ಗೊತ್ತಾಗಲ್ಲ. ನಾನು ಬಿಳಿ ಪೇಂಟ್ ಮಾರ್ಕರಲ್ಲಿ ತುಂಬಿ, ಮೇಲೆ ಒರೆಸಿ, ಕೊರೆದ ಕಡೆ ಮಾತ್ರ ಉಳಿಸಿಕೊಂಡೆ, ಈಗ ಚೆನ್ನಾಗಿ ಕಾಣುತ್ತೆ. ಕಾಲುವೆ ಒಳಗೆ ಜೆಲ್ಲಿ ಗಟ್ಟಿಯಾಗಿ ಕೂತ್ರೂ ಟ್ಯೂಬ್ ಸರಿಯಾಗಿ ಕೂರಲ್ಲ, ಪ್ರತಿ ಟ್ಯೂಬ್ ಆದ್ಮೇಲೆ ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಸ್ವಲ್ಪ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಉಜ್ಜಿ, ಅರ್ಧ ನಿಮಿಷದ ಕೆಲಸ. ಐಪಿಎ ಬಾಟಲ್ ಮುಚ್ಚಳ ಹಾಕಿ ದೂರ ಇಡಿ, ಅದು ಬೆಂಕಿ ಹಿಡಿಯೋ ವಸ್ತು, ಪಕ್ಕದಲ್ಲೇ ಫೈಬರ್ ಬೆಸೆಯೋ ಸ್ಪ್ಲೈಸಿಂಗ್ ಮಷೀನ್ ಕಿಡಿ ಹಾರಿಸ್ತಾ ಇರುತ್ತೆ.

ಸೇಫ್ಟಿ ಅಂತ ಟೂಲ್ ಹೆಸರಲ್ಲಿ ಇದ್ರೂ ಸೇಫ್ಟಿ ಟೂಲಿಂದ ಬರಲ್ಲ. ಕನ್ನಡಕ ಹಾಕದೆ ನಾನು ಈಗ ಕೂರೋದೇ ಇಲ್ಲ. ಮುರಿದ ಫೈಬರ್ ಚೂರು ಚರ್ಮಕ್ಕೆ ಹೊಕ್ಕಿದ್ರೆ ಕಣ್ಣಿಗೆ ಕಾಣಲ್ಲ, ಮುಟ್ಟಿದಾಗ ಮಾತ್ರ ಚುರ್ ಅನ್ನುತ್ತೆ, ಕಣ್ಣಿಗೆ ಹೋದ್ರಂತೂ ಕೇಳಲೇಬೇಡಿ. ಚೂರುಗಳಿಗೆ ಮುಚ್ಚಳ ಇರೋ ಒಂದು ಡಬ್ಬಿ, ಮೇಜಿನ ಮೇಲೆ ಕಪ್ಪು ಮ್ಯಾಟ್, ಕೊನೇಲಿ ಅಂಟು ಟೇಪ್ ಒತ್ತಿ ಒತ್ತಿ ಎತ್ತೋದು. ಲೈವ್ ಫೈಬರಿನ ತುದಿ ಕಣ್ಣಿನ ನೇರಕ್ಕೆ ಹಿಡಿದು ನೋಡೋ ಚಟ ಇರೋರಿಗೆ ಒಂದು ಮಾತು, ತರಂಗಾಂತರ 1310 ನ್ಯಾನೋಮೀಟರ್ ಆಗ್ಲಿ 1550 ಆಗ್ಲಿ ಆ ಬೆಳಕು ಕಣ್ಣಿಗೆ ಕಾಣಲ್ಲ, ಕಾಣದಿದ್ರೆ ಇಲ್ಲ ಅಂತಲ್ಲ. ಜೆಲ್ಲಿ ಒರೆಸೋದೂ ಹಾಗೇ, ಮೊದಲು ಒಣ ವೈಪಲ್ಲಿ ಒಂದೇ ದಿಕ್ಕಿಗೆ, ಆಮೇಲೆ ಜೆಲ್ಲಿ ಕರಗಿಸೋ ದ್ರಾವಣ, ಕೊನೆಗೆ ಐಪಿಎ. ಹಿಂದೆ ಮುಂದೆ ಉಜ್ಜಿದ್ರೆ ಟೂಲಿಂದ ಉಳಿಸಿದ್ದನ್ನ ಬಟ್ಟೇಲಿ ಕಳೆದುಕೊಂಡ ಹಾಗೆ.

ಕೆಲಸ ಮುಗಿದ ಮೇಲೆ ಟೂಲ್ ಗೀರು ಹಾಕಿದೆಯೋ ಇಲ್ವೋ ಅಂತ ನೋಡೋದು ಹೇಗೆ ಅಂತ ತುಂಬಾ ಜನ ಕೇಳಿದ್ರು. ಬೆಳಕಿಲ್ಲದ ಫೈಬರ್ ಆದ್ರೆ ಕೆಂಪು ಲೇಸರ್ ಪೆನ್ ಹಾಕಿ, ಲೈಟ್ ಆರಿಸಿ ಬಿಚ್ಚಿದ ಉದ್ದ ಪೂರ್ತಿ ನೋಡಿ, ಒಡೆದ ಕಡೆ ಕೆಂಪಗೆ ಹೊಳೆಯುತ್ತೆ. ಸಣ್ಣ ಗೀರು ಇದರಲ್ಲಿ ಸಿಗದೇನೂ ಇರಬಹುದು, ಅದಕ್ಕೆ ಬೆರಳ ಮೇಲೆ ಒಂದೊಂದೇ ಎಳೆ ಹರಡಿ ಭೂತಗನ್ನಡೀಲಿ ಕೋಟಿಂಗ್ ನೋಡ್ತೀನಿ, ಬಣ್ಣ ಎಲ್ಲಾದ್ರೂ ಮಾಸಿದ್ರೆ ಅನುಮಾನ. ಲೈವ್ ಫೈಬರಿಗೆ ಪೆನ್ ಹಾಕೋ ಹಾಗಿಲ್ಲ, ಅಲ್ಲಿ ಮುಂಚೆ ಎಷ್ಟು ಪವರ್ ಇತ್ತು ಈಗ ಎಷ್ಟಿದೆ ಅಂತ ಆಚೆ ತುದಿಯವರಿಗೆ ಫೋನ್ ಹಾಕಿ ಕೇಳೋದೇ ದಾರಿ. ಓಟಿಡಿಆರ್ ಹಾಕೋ ಅವಕಾಶ ಇದ್ರೆ 1310ರಲ್ಲಿ ಸುಮ್ಮನಿದ್ದು 1550ರಲ್ಲಿ ಲಾಸ್ (ಬೆಳಕಿನ ನಷ್ಟ) ಎದ್ದಿದ್ರೆ ಅದು ಸಾಮಾನ್ಯವಾಗಿ ಗೀರಲ್ಲ, ಬೆಂಡ್, ಟ್ರೇಲಿ ಎಲ್ಲೋ ಬಿಗಿಯಾಗಿ ಸುತ್ತಿದ್ದೀರಿ. ಟೂಲನ್ನ ಬೈಯೋಕೆ ಮುಂಚೆ ಟ್ರೇ ಬಿಚ್ಚಿ, 30 ಎಂಎಂ ತ್ರಿಜ್ಯಕ್ಕಿಂತ ಬಿಗಿ ಆಗಿದೆಯಾ ನೋಡಿ.

ತಿಂಗಳಿಗೆ ಒಂದೋ ಎರಡೋ ಮಿಡ್ ಸ್ಪ್ಯಾನ್ ಬರೋರು ಒಂದು ಟೀಮಿಗೆ ಒಂದು ಇಟ್ಟುಕೊಂಡ್ರೆ ಸಾಕು, ದಿನಾ ಮಾಡೋರು ಬ್ಲೇಡ್ ಸೆಟ್ ಜೊತೆಗೇ ತಗೊಳ್ಳಿ, ಬರೀ ಟೂಲ್ ತಗೊಂಡು ಆಮೇಲೆ ಬ್ಲೇಡಿಗೆ ಕಾಯೋದು ತಲೆನೋವು. ಐದರಲ್ಲಿ ನಾನು ನಾಲ್ಕು ಕೊಡ್ತೀನಿ. ಕಳೆದ ಒಂದು ಆ ಸ್ಕ್ರೂಗೆ.

ಅಂದಹಾಗೆ ನಮ್ಮ ಹುಡುಗ ಒಂದು ಕೆಲಸ ಮಾಡಿದ್ದಾನೆ, ನಾನು ಹೇಳಿಕೊಟ್ಟಿದ್ದಲ್ಲ. ಸಿಕ್ಕ ಸಿಕ್ಕ ಕೇಬಲಿನ ಟ್ಯೂಬ್ ತುಂಡುಗಳನ್ನ ಬೆರಳುದ್ದ ಕತ್ತರಿಸಿ, ಒಂದು ತಂತೀಲಿ ಬೀಗದ ಕೈ ಗೊಂಚಲಿನ ಹಾಗೆ ಪೋಣಿಸಿ, ಪ್ರತಿಯೊಂದಕ್ಕೂ ಟೇಪ್ ಸುತ್ತಿ ಯಾವ ಕೇಬಲ್, ಯಾವ ಕಾಲುವೆ ಅಂತ ಬರೆದಿಟ್ಟಿದ್ದಾನೆ. ಹೊಸ ಸೈಟಿಗೆ ಹೋದ್ರೆ ನಾನು ಕ್ಯಾಲಿಪರ್ ಹುಡುಕೋಷ್ಟರಲ್ಲಿ ಅವನು ಗೊಂಚಲು ತೆಗೆದು ತಾಳೆ ನೋಡಿ "ಮೂರನೇದು ಅಣ್ಣಾ" ಅಂತಾನೆ. ನಾನು ಆದ್ರೂ ಒಂದ್ಸಲ ಅಳೀತೀನಿ, ಅವನು ಮುಖ ಸಿಂಡರಿಸ್ತಾನೆ.